ಹದಿಮೂರನೇ ರೆಪ್

ನನ್ನ ಹಳೇ ವರ್ಕೌಟ್ ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದೇನೆ. ನೀಲಿ ರಟ್ಟಿನದು. ಬೆವರು ಕೈಯಲ್ಲೇ ಹಿಡಿದು ಹಿಡಿದು ಮೂಲೆಗಳು ಸುರುಳಿ ಸುತ್ತಿವೆ. ಅದರಲ್ಲಿ ಡಂಬಲ್ ಪ್ರೆಸ್ ಅಂತ ಬರೆದ ಸಾಲನ್ನೇ ಹಿಡಿದು ಪುಟ ತಿರುಗಿಸುತ್ತಾ ಹೋದರೆ ಹದಿನಾಲ್ಕು ತಿಂಗಳು ಒಂದೇ ಲೆಕ್ಕ. 12 ಕೆಜಿ: 12, 12, 12, 12. ಅಂದರೆ ಬೆಂಚಿನ ಮೇಲೆ ಮಲಗಿ ಎರಡು ಡಂಬಲ್‌ಗಳನ್ನು ಮೇಲಕ್ಕೆ ತಳ್ಳಿ ಇಳಿಸುವುದು; ಒಂದು ಸಲ ತಳ್ಳಿ ಇಳಿಸಿದರೆ ಒಂದು ರೆಪ್, ಬಿಡದೆ ಹನ್ನೆರಡು ರೆಪ್ ಮಾಡಿದರೆ ನನಗೆ ಒಂದು ಸೆಟ್, ಅಂಥವು ನಾಲ್ಕು. ಮುಂದಿನ ವಾರ ಮತ್ತೆ ಅದೇ. ಅದರ ಮುಂದಿನ ವಾರವೂ ಅದೇ. ಪೆನ್ನಿನ ಬಣ್ಣ ಬದಲಾಗಿದೆ, ಅಂಕಿ ಬದಲಾಗಿಲ್ಲ.

ಆ ಹದಿನಾಲ್ಕು ತಿಂಗಳು ನಾನೇನೂ ಸುಮ್ನೆ ಕೂತಿರಲಿಲ್ಲ. ವಾರಕ್ಕೆ ಐದು ದಿನ ಜಿಮ್‌ಗೆ ಹೋಗುತ್ತಿದ್ದೆ. ಒಂದು ದಿನ ಎದೆ, ಒಂದು ದಿನ ಬೆನ್ನು, ಆಮೇಲೆ ಕಾಲು, ಭುಜ, ತೋಳು. ದಿನಕ್ಕೆ ಐದಾರು ವ್ಯಾಯಾಮ, ಪ್ರತಿಯೊಂದಕ್ಕೂ ನಾಲ್ಕು ಸೆಟ್. ಅಂದರೆ ದಿನಕ್ಕೆ 20ರಿಂದ 24 ಸೆಟ್, ವಾರಕ್ಕೆ ನೂರರ ಮೇಲೆ. ಒಳಗೆ ಹೋದರೆ ಒಂದೂವರೆ ಗಂಟೆ ಆಚೆ ಬರುತ್ತಿರಲಿಲ್ಲ. ಬೆವರು ಸುರಿಯುತ್ತಿತ್ತು, ತೋಳು ಉಬ್ಬುತ್ತಿತ್ತು, ಮಾರನೇ ದಿನ ಮೈಕೈ ನೋಯುತ್ತಿತ್ತು. ಇಷ್ಟೆಲ್ಲ ಆಗುತ್ತಿದೆ ಅಂದಮೇಲೆ ಶಕ್ತಿಯೂ ಬರುತ್ತಿದೆ ಅಂತ ನಂಬಿದ್ದೆ.

ಇದಕ್ಕೇ ವಾಲ್ಯೂಮ್ ಟ್ರೈನಿಂಗ್ ಅನ್ನುವುದು. ಅದನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಮೊದಲ ಎರಡು ವರ್ಷ ನನಗೆ ಅದರಿಂದ ತುಂಬಾ ಒಳ್ಳೆಯದಾಯಿತು. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿದ್ದರಿಂದ ಮೈಗೆ ಅದು ಬಾಯಿಪಾಠ ಆಯಿತು. ಸ್ಕ್ವಾಟ್‌ನಲ್ಲಿ ಮಂಡಿ ಎಲ್ಲಿ ಹೋಗಬೇಕು, ಮೇಲಿರುವ ಬಾರನ್ನು ಎದೆಯ ಕಡೆಗೆ ಎಳೆಯುವ ಪುಲ್‌ಡೌನ್‌ನಲ್ಲಿ ಮೊಣಕೈ ಎಲ್ಲಿ ಇಳಿಯಬೇಕು ಅನ್ನುವುದನ್ನು ಈಗ ಯೋಚಿಸಬೇಕಾಗಿಲ್ಲ. ಆಮೇಲೆ ಒಂದು ಹಂತದಲ್ಲಿ ನಿಂತುಹೋಯಿತು. ನಿಂತಾಗ ನಾನು ಮಾಡಿದ್ದು ಎಲ್ಲರೂ ಮಾಡುವುದೇ: ಇನ್ನೂ ಒಂದು ವ್ಯಾಯಾಮ ಸೇರಿಸಿದೆ, ಇನ್ನೆರಡು ಸೆಟ್ ಸೇರಿಸಿದೆ. ಬಲ ಬರಲಿಲ್ಲ, ಬಲಗೈ ಮೊಣಕೈಯ ಒಳಭಾಗದಲ್ಲಿ ಒಂದು ನೋವು ಬಂತು. ಬಾಗಿಲ ಹಿಡಿ ತಿರುಗಿಸಿದರೂ ಚುರುಕ್ ಅನ್ನುತ್ತಿತ್ತು.

ನನ್ನ ಗೆಳತಿಯೊಬ್ಬಳು ನನಗಿಂತ ಬಹಳ ಮುಂಚಿನಿಂದ ತೂಕ ಎತ್ತುತ್ತಿದ್ದಾಳೆ. ಒಂದು ದಿನ ಅವಳು ನನ್ನ ನೋಟ್‌ಬುಕ್ ತಿರುವಿ ನೋಡಿ ಕೇಳಿದಳು: "ಹನ್ನೆರಡಕ್ಕೆ ಯಾಕೆ ನಿಲ್ಲಿಸ್ತೀಯ?"

"ಅಷ್ಟೇ ಆಗೋದು."

"ಅಷ್ಟೇ ಆಗತ್ತೋ, ಅಷ್ಟಕ್ಕೆ ನಿಲ್ಲಿಸ್ತೀಯೋ?"

ಉತ್ತರ ಹೇಳೋಕೆ ಆಗಲಿಲ್ಲ. ಅವಳು ನನ್ನನ್ನು ಬೆಂಚಿನ ಮೇಲೆ ಮಲಗಿಸಿ ಅದೇ 12 ಕೆಜಿ ಡಂಬಲ್‌ಗಳನ್ನು ಕೊಟ್ಟಳು. "ಇವತ್ತು ಒಂದೇ ಸೆಟ್. ಇದಾದ ಮೇಲೆ ಇನ್ನೇನೂ ಇಲ್ಲ, ಮನೆಗೆ ಹೋಗೋದು. ನೀನು ಎಣಿಸಬೇಡ, ನಾನು ಎಣಿಸ್ತೀನಿ" ಅಂದಳು. ಆಮೇಲೆ ಬಾಯಿ ಬಿಡದೆ ಪಕ್ಕದಲ್ಲಿ ನಿಂತಳು. ಮೊದಮೊದಲು ಸಲೀಸಾಗಿತ್ತು. ಆಮೇಲೆ ಎದೆ ಉರಿಯೋಕೆ ಶುರುವಾಯಿತು. ನಾನು ಯಾವಾಗಲೂ ನಿಲ್ಲಿಸುತ್ತಿದ್ದ ಜಾಗ ಅದೇ ಅಂತ ಮೈಗೆ ಗೊತ್ತಾಯಿತು. ಅವಳು "ಸಾಕು" ಅನ್ನಲಿಲ್ಲ. ಮುಂದುವರಿಸಿದೆ. ಉರಿ ಜಾಸ್ತಿ ಆಯಿತು, ಆದರೆ ಡಂಬಲ್ ಮೇಲೆ ಹೋಗುತ್ತಲೇ ಇತ್ತು. ಕೊನೆಗೆ ಒಂದು ಕಡೆ ಎರಡೂ ಕೈ ಅರ್ಧಕ್ಕೆ ನಿಂತವು. ಎಷ್ಟು ತಳ್ಳಿದರೂ ಕದಲಲಿಲ್ಲ. ಅವಳು ಮಣಿಕಟ್ಟು ಹಿಡಿದು ಇಳಿಸಿದಳು.

"ಹತ್ತೊಂಬತ್ತು" ಅಂದಳು.

ನಾನು ಬೆಂಚಿನ ಮೇಲಿಂದ ಏಳದೆ ಸುಮಾರು ಹೊತ್ತು ಹಾಗೇ ಮಲಗಿದ್ದೆ. ಹನ್ನೆರಡು ನನ್ನ ಮಿತಿ ಅಂತ ಹದಿನಾಲ್ಕು ತಿಂಗಳು ಬರೆದುಕೊಂಡಿದ್ದೆ. ಅದರ ಆಚೆ ಏಳು ರೆಪ್ ಇದ್ದವು. ಅಷ್ಟು ದಿನವೂ ಇದ್ದಿರಬೇಕು.

ಯಾಕೆ ಹೀಗಾಯಿತು ಅಂತ ಆಮೇಲೆ ಬಹಳ ಯೋಚಿಸಿದೆ. ನಾನು ಮೈಗಳ್ಳಿ ಅಲ್ಲ. ಕಾರಣ ಬೇರೆ. ಮುಂದೆ ಇನ್ನೂ 23 ಸೆಟ್ ಇದೆ ಅಂತ ಗೊತ್ತಿರುವ ಮೈ ಮೊದಲ ಸೆಟ್‌ನಲ್ಲೇ ಎಲ್ಲವನ್ನೂ ಖರ್ಚು ಮಾಡುವುದಿಲ್ಲ. ತಿಂಗಳ ಕೊನೆತನಕ ದುಡ್ಡು ಬರಬೇಕು ಅಂತ ಹಿಡಿದು ಖರ್ಚು ಮಾಡುತ್ತೇವಲ್ಲ, ಹಾಗೆ. ನಾಲ್ಕನೇ ಸೆಟ್‌ಗೂ ಹನ್ನೆರಡು ಬರಬೇಕಿದ್ದರೆ ಮೊದಲನೆಯದರಲ್ಲಿ ಹನ್ನೆರಡಕ್ಕೇ ನಿಲ್ಲಿಸಬೇಕು. ನಾನು ಪ್ರತಿ ಸೆಟ್‌ನಲ್ಲೂ ಉಳಿತಾಯ ಮಾಡುತ್ತಾ ಮಾಡುತ್ತಾ, ಉಳಿಸಿದ್ದನ್ನು ಯಾವತ್ತೂ ಬಳಸದೆ ಮನೆಗೆ ಹೋಗುತ್ತಿದ್ದೆ.

ಸ್ನಾಯುವಿನ ಒಳಗೆ ನಡೆಯುವುದನ್ನು ತಿಳಿದುಕೊಂಡ ಮೇಲೆ ಇದು ಇನ್ನೂ ಸ್ಪಷ್ಟವಾಯಿತು. ಒಂದು ನರಕೋಶ ಮತ್ತು ಅದು ಕೆಲಸಕ್ಕೆ ಹಚ್ಚುವ ಸ್ನಾಯುವಿನ ಎಳೆಗಳು ಸೇರಿ ಒಂದು ತಂಡ. ಇದಕ್ಕೆ ಮೋಟಾರ್ ಯೂನಿಟ್ ಅನ್ನುತ್ತಾರೆ. ಎಲ್ವುಡ್ ಹೆನ್ನೆಮನ್ ಎಂಬ ವಿಜ್ಞಾನಿ 1950 ಮತ್ತು 60ರ ದಶಕದಲ್ಲಿ ತೋರಿಸಿದ ಹಾಗೆ, ದೇಹ ಮೊದಲು ಚಿಕ್ಕ ತಂಡಗಳನ್ನು ಕರೆಯುತ್ತದೆ. ಹೆಚ್ಚು ಬಲ ಬೇಕಾದಾಗ ಮಾತ್ರ ದೊಡ್ಡವು ಬರುತ್ತವೆ. ಮಧ್ಯಮ ತೂಕ ಎತ್ತುವಾಗ ಚಿಕ್ಕವು ದಣಿಯುತ್ತಾ ಬಂದ ಹಾಗೆ ದೊಡ್ಡವಕ್ಕೆ ಕರೆ ಹೋಗುತ್ತದೆ. ಬೆಳೆಯುವ ಮತ್ತು ಬಲ ಕೊಡುವ ಶಕ್ತಿ ಜಾಸ್ತಿ ಇರುವುದು ಈ ದೊಡ್ಡ ತಂಡಗಳಿಗೇ. ಭಾರವಾದ ತೂಕ ಹಿಡಿದರೆ ಮೊದಲ ರೆಪ್‌ನಿಂದಲೇ ಅವು ಬರುತ್ತವೆ. ನನ್ನ ಹಾಗೆ ಹಗುರ ತೂಕ ಹಿಡಿದು ಏಳು ರೆಪ್ ಮುಂಚೆ ನಿಲ್ಲಿಸಿದರೆ ಅವುಗಳಿಗೆ ಸರಿಯಾದ ಕೆಲಸವೇ ಸಿಗುವುದಿಲ್ಲ.

ಗೆಳತಿ ಮಾಡುತ್ತಿದ್ದ ವಿಧಾನಕ್ಕೆ ಹೈ ಇಂಟೆನ್ಸಿಟಿ ಟ್ರೈನಿಂಗ್ ಅಂತ ಹೆಸರು. ಜಿಗಿದು ಓಡಿ ಏದುಸಿರು ಬಿಡಿಸುವ ಇಂಟರ್ವಲ್ ವರ್ಕೌಟ್ ಇದಲ್ಲ. ಹೆಸರು ಹತ್ತಿರ ಇರುವುದರಿಂದ ಬಹಳ ಜನ ಬೆರೆಸಿಕೊಳ್ಳುತ್ತಾರೆ. ಇದರಲ್ಲಿ ಸೆಟ್ ಕಡಿಮೆ, ಒಮ್ಮೊಮ್ಮೆ ಒಂದೇ. ಆದರೆ ಆ ಸೆಟ್ ಇನ್ನೊಂದು ರೆಪ್ ಸರಿಯಾದ ರೀತಿಯಲ್ಲಿ ಆಗುವುದೇ ಇಲ್ಲ ಅನ್ನುವ ಹಂತದವರೆಗೆ ಹೋಗುತ್ತದೆ. ಆ ಹಂತಕ್ಕೆ ಫೇಲ್ಯೂರ್ ಅನ್ನುತ್ತಾರೆ. ಇದನ್ನು 1970ರ ದಶಕದಲ್ಲಿ ಜನಪ್ರಿಯ ಮಾಡಿದವರು ನಾಟಿಲಸ್ ಯಂತ್ರಗಳನ್ನು ತಯಾರಿಸಿದ ಆರ್ಥರ್ ಜೋನ್ಸ್. ಆ ಯಂತ್ರದ ಒಳಗಿನ ಚಕ್ರ ನಾಟಿಲಸ್ ಅನ್ನುವ ಸಮುದ್ರ ಜೀವಿಯ ಚಿಪ್ಪಿನ ಹಾಗೆ ಕಾಣುತ್ತಿತ್ತು, ಅದಕ್ಕೇ ಆ ಹೆಸರು. ಚಲನೆಯ ಯಾವ ಹಂತದಲ್ಲಿ ನಮಗೆ ಬಲ ಹೆಚ್ಚೋ ಅಲ್ಲಿ ಭಾರವೂ ಹೆಚ್ಚಾಗಲಿ ಅಂತ ಚಕ್ರವನ್ನು ಹಾಗೆ ಮಾಡಿದ್ದರು. ಅವರ ದಾರಿಯಿಂದ ಬಾಡಿಬಿಲ್ಡರ್ ಮೈಕ್ ಮೆಂಟ್ಜರ್ ಬಂದರು. 1978ರ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ಪೂರ್ತಿ ಅಂಕ ಪಡೆದವರು. ಆಮೇಲೆ ಡೋರಿಯನ್ ಯೇಟ್ಸ್. ಅವರು 1992ರಿಂದ 1997ರವರೆಗೆ ಸತತ ಆರು ಸಲ ಮಿಸ್ಟರ್ ಒಲಿಂಪಿಯಾ ಬಾಡಿಬಿಲ್ಡಿಂಗ್ ಸ್ಪರ್ಧೆ ಗೆದ್ದರು. ವಾರ್ಮ್ ಅಪ್ ಆದಮೇಲೆ ಒಂದು ವ್ಯಾಯಾಮಕ್ಕೆ ಒಂದೇ ಪೂರ್ಣ ಪ್ರಯತ್ನದ ಸೆಟ್ ಅನ್ನುವುದು ಅವರ ಪದ್ಧತಿ.

ಇದನ್ನೆಲ್ಲ ಓದುವಾಗ ಒಂದು ಕಡೆ ನಾನು ನಿಂತೆ. 1973ರಲ್ಲಿ ಜೋನ್ಸ್ ಕೊಲರಾಡೋದಲ್ಲಿ ಒಂದು ಪ್ರಯೋಗ ಮಾಡಿದರು. ಕೇಸಿ ವಯೇಟರ್ ಎಂಬ ಬಾಡಿಬಿಲ್ಡರ್ 28 ದಿನಗಳಲ್ಲಿ 63 ಪೌಂಡ್, ಅಂದರೆ 28 ಕೆಜಿಗೂ ಹೆಚ್ಚು ಸ್ನಾಯು ಬೆಳೆಸಿದ ಅಂತ ಹೇಳಿಕೊಂಡರು. ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ವಯೇಟರ್ ಅದಕ್ಕೆ ಮುಂಚೆ ಪೆಟ್ಟು, ಕಾಯಿಲೆ ಆಗಿ ಬಹಳ ತೂಕ ಕಳೆದುಕೊಂಡಿದ್ದ. ಒಮ್ಮೆ ಇದ್ದ ಸ್ನಾಯುವನ್ನು ವಾಪಸ್ ತರುವುದು ಹೊಸದಾಗಿ ಕಟ್ಟುವುದಕ್ಕಿಂತ ಎಷ್ಟೋ ಸುಲಭ. ಆ ಅಂಕಿಯನ್ನು ಮನಸ್ಸಿನಿಂದ ತೆಗೆದುಹಾಕಿ, ನನ್ನ ಡಂಬಲ್ ಪ್ರೆಸ್ 12 ಕೆಜಿಯಿಂದ 14ಕ್ಕೆ ಹೋಗಲಿ ಅನ್ನುವ ಗುರಿ ಇಟ್ಟುಕೊಂಡೆ.

ಹೊಸ ನೋಟ್‌ಬುಕ್ ತಂದೆ. ಗೆಳತಿ ಜೊತೆ ಕೂತು ಪ್ಲಾನ್ ಬರೆದೆ. ವಾರಕ್ಕೆ ಮೂರು ದಿನ, ಮಧ್ಯೆ ಕಡೇಪಕ್ಷ ಒಂದು ದಿನ ಬಿಡುವು. ಪ್ರತಿ ದಿನವೂ ಇಡೀ ಮೈಗೆ ಕೆಲಸ: ಯಂತ್ರದಲ್ಲಿ ಕೂತು ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್, ಡಂಬಲ್ ಪ್ರೆಸ್, ಲ್ಯಾಟ್ ಪುಲ್‌ಡೌನ್, ಸೊಂಟದಿಂದ ಮುಂದೆ ಬಾಗಿ ತೂಕ ಇಳಿಸಿ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್, ಕೂತು ಎಳೆಯುವ ರೋ, ಭುಜಕ್ಕೆ ಡಂಬಲ್ ಹಿಡಿದು ಕೈಯನ್ನು ಪಕ್ಕಕ್ಕೆ ಎತ್ತುವ ಲ್ಯಾಟರಲ್ ರೈಸ್, ಮೀನಖಂಡಕ್ಕೆ ಕಾಫ್ ರೈಸ್. ಒಟ್ಟು ಏಳು. ಪ್ರತಿಯೊಂದಕ್ಕೂ ಒಂದೋ ಎರಡೋ ವಾರ್ಮ್ ಅಪ್, ಆಮೇಲೆ ಒಂದೇ ಒಂದು ನಿಜವಾದ ಸೆಟ್. ಆರಕ್ಕಿಂತ ಕಡಿಮೆ ರೆಪ್ ಬಂದರೆ ತೂಕ ಜಾಸ್ತಿ ಆಯಿತು ಅಂತ ಅರ್ಥ. ಹತ್ತು ದಾಟಿದರೆ ಮುಂದಿನ ಸಲ ತೂಕ ಏರಿಸಬೇಕು. ಎತ್ತುವುದಕ್ಕೆ ಎರಡು ಸೆಕೆಂಡ್, ಇಳಿಸುವುದಕ್ಕೆ ಮೂರು. ಒಂದು ವ್ಯಾಯಾಮದಿಂದ ಇನ್ನೊಂದಕ್ಕೆ ಮೂರು ನಿಮಿಷ ವಿಶ್ರಾಂತಿ.

ಕಾಗದದ ಮೇಲೆ ನೋಡಿದರೆ ಏನೂ ಇಲ್ಲ ಅನಿಸುತ್ತಿತ್ತು. ದಿನಕ್ಕೆ 24 ಇದ್ದದ್ದು ಏಳು ಸೆಟ್.

ಮೊದಲ ದಿನದ ಲೆಗ್ ಪ್ರೆಸ್ ನನಗೆ ಇವತ್ತಿಗೂ ನೆನಪಿದೆ. 50 ಕೆಜಿಯಲ್ಲಿ ಎಂಟು, 80ರಲ್ಲಿ ನಾಲ್ಕು ರೆಪ್ ಮಾಡಿ ಮೈ ಬಿಸಿ ಮಾಡಿಕೊಂಡೆ. ಆಮೇಲೆ 110 ಹಾಕಿದೆ. ಮೊದಲ ನಾಲ್ಕು ಸರಾಗ. ಐದು, ಆರರಲ್ಲಿ ತೊಡೆ ಬಿಗಿಯಾಯಿತು. ಏಳನೆಯದರಲ್ಲಿ ಒಂದು ಹೊಸ ವಿಷಯ ಗಮನಕ್ಕೆ ಬಂತು. ನಾನು ಅದೇ ಜೋರಿನಲ್ಲಿ ತಳ್ಳುತ್ತಿದ್ದೆ, ಇನ್ನೂ ಜಾಸ್ತಿ ಜೋರಿನಲ್ಲಿ, ಆದರೆ ಪ್ಲೇಟ್ ತಾನಾಗಿ ನಿಧಾನ ಆಗುತ್ತಿತ್ತು. ನಾನು ನಿಧಾನ ಮಾಡುತ್ತಿರಲಿಲ್ಲ, ಅದೇ ಆಗುತ್ತಿತ್ತು. ಎಂಟನೆಯದು ಇನ್ನೂ ನಿಧಾನ. ಒಂಬತ್ತನೆಯದಕ್ಕೆ ಕಾಲು ನಡುಗಿತು. ಪ್ಲೇಟ್ ಮುಕ್ಕಾಲು ದಾರಿಯಲ್ಲಿ ನಿಂತು, ಒಂದು ಕ್ಷಣ ಅಲ್ಲೇ ಇದ್ದು, ಒಂದೊಂದೇ ಇಂಚು ಮೇಲೆ ಹೋಯಿತು. "ಇನ್ನೊಂದು ಕಣೇ, ಆಗತ್ತೆ" ಅಂದಳು ಗೆಳತಿ. ಹತ್ತನೆಯದನ್ನು ಇಳಿಸಿದೆ. ಮೇಲೆ ಬರಲಿಲ್ಲ. ಐದಾರು ಸೆಕೆಂಡ್ ತಳ್ಳಿದೆ, ಕದಲಲಿಲ್ಲ. ಮೆಲ್ಲಗೆ ಸೇಫ್ಟಿ ಸ್ಟಾಪ್ ಮೇಲೆ ಬಿಟ್ಟೆ.

ಆ ಯಂತ್ರದಿಂದ ಎದ್ದು ನಿಲ್ಲೋಕೆ ಎರಡು ನಿಮಿಷ ಬೇಕಾಯಿತು. ಇನ್ನೂ ಆರು ವ್ಯಾಯಾಮ ಬಾಕಿ ಇತ್ತು. ಏಳು ಸೆಟ್ ಅಂದರೆ ಏನೂ ಇಲ್ಲ ಅನ್ನುವ ಭಾವನೆ ಅಲ್ಲಿಗೆ ಹೋಯಿತು.

ತೂಕ ತಾನಾಗಿ ನಿಧಾನ ಆಗುವುದಿದೆಯಲ್ಲ, ಈಗ ನಾನು ನಂಬುವ ಗುರುತು ಅದೊಂದೇ. ಉರಿಯನ್ನು ನಂಬುವುದಿಲ್ಲ. ಹಗುರ ತೂಕದಲ್ಲಿ ಉರಿ ಬಹಳ ಬೇಗ ಬರುತ್ತದೆ, ಫೇಲ್ಯೂರ್ ಇನ್ನೂ ದೂರ ಇರುತ್ತದೆ. ಬೆವರನ್ನೂ ನಂಬುವುದಿಲ್ಲ. ಮಾರನೇ ದಿನದ ನೋವನ್ನಂತೂ ನಂಬುವುದೇ ಇಲ್ಲ. ಹೊಸ ಪದ್ಧತಿಯ ಮೊದಲ ವಾರ ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿದುಕೊಳ್ಳಬೇಕಾಗಿತ್ತು. ಎರಡನೇ ತಿಂಗಳ ಹೊತ್ತಿಗೆ ಅದಕ್ಕಿಂತ ಜಾಸ್ತಿ ತೂಕ ಎತ್ತುತ್ತಿದ್ದರೂ ನೋವು ಹೆಚ್ಚುಕಮ್ಮಿ ಇರಲೇ ಇಲ್ಲ. ಮೈ ಒಮ್ಮೆ ಆ ಕೆಲಸಕ್ಕೆ ಒಗ್ಗಿಕೊಂಡರೆ ಅದೇ ಕೆಲಸ ಅಷ್ಟು ನೋಯಿಸುವುದಿಲ್ಲ.

ಎರಡನೇ ವಾರದಲ್ಲಿ ಒಂದು ತಪ್ಪು ಮಾಡಿದೆ. ಇದನ್ನು ಬಿಡಿಸಿಯೇ ಹೇಳಬೇಕು, ಯಾಕೆಂದರೆ ಹೊಸದಾಗಿ ಶುರು ಮಾಡುವವರು ಇದರಲ್ಲೇ ಸಿಕ್ಕಿಬೀಳುತ್ತಾರೆ. ಲೆಗ್ ಪ್ರೆಸ್‌ನ ಕೊನೆಯ ಮೂರು ರೆಪ್‌ಗಳಲ್ಲಿ ನಾನು ಉಸಿರೇ ಬಿಡುತ್ತಿರಲಿಲ್ಲ. ಹಲ್ಲು ಕಚ್ಚಿ, ಗಂಟಲು ಬಿಗಿದು, ಕತ್ತನ್ನು ಮುಂದೆ ಚಾಚಿ ತಳ್ಳುತ್ತಿದ್ದೆ. ಒಂದು ದಿನ ಎಂಟನೇ ರೆಪ್‌ನಲ್ಲಿ ತಲೆಯ ಹಿಂಭಾಗದಿಂದ ಒಂದು ನೋವು ದಿಢೀರ್ ಅಂತ ಎದ್ದಿತು. ಹೃದಯ ಬಡಿದ ಹಾಗೆಲ್ಲ ಡಬ್ ಡಬ್ ಅಂತ ಬಡಿಯುತ್ತಿತ್ತು. ತಕ್ಷಣ ನಿಲ್ಲಿಸಿ ಕೂತೆ. ಅವತ್ತೇ ಡಾಕ್ಟರ್ ಹತ್ತಿರ ಹೋದೆ. ಅವರು ಬಿಪಿ ನೋಡಿದರು, ಪರೀಕ್ಷೆ ಮಾಡಿದರು, ಉಸಿರು ಕಟ್ಟಿ ಶ್ರಮ ಪಟ್ಟಿದ್ದರಿಂದ ಬಂದ ತಲೆನೋವು ಅಂದರು. ಸ್ವಲ್ಪ ದಿನ ತೂಕ ಮುಟ್ಟಬೇಡಿ, ಆಮೇಲೆ ಕಡಿಮೆ ತೂಕದಿಂದ ಶುರು ಮಾಡಿ, ತಳ್ಳುವಾಗ ಬಾಯಿಂದ ಉಸಿರು ಬಿಡಿ ಅಂತ ಹೇಳಿ ಕಳಿಸಿದರು. ತೂಕ ಎತ್ತುವಾಗ ಹೀಗೆ ಏಕಾಏಕಿ ಜೋರು ತಲೆನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಸುಮ್ಮನಾಗಬಾರದು. ಡಾಕ್ಟರ್ ಒಮ್ಮೆ ನೋಡಲೇಬೇಕು, ಅಪರೂಪಕ್ಕೆ ಅದರ ಹಿಂದೆ ದೊಡ್ಡ ಕಾರಣ ಇರುತ್ತದೆ.

ಹತ್ತು ದಿನ ಬಿಟ್ಟು ವಾಪಸ್ ಬಂದೆ. ಗೆಳತಿ ಪಕ್ಕದಲ್ಲಿ ನಿಂತು ರೆಪ್ ಎಣಿಸುವ ಬದಲು "ಉಸಿರು, ಉಸಿರು" ಅನ್ನುತ್ತಿದ್ದಳು. ಕಷ್ಟವಾದಷ್ಟೂ ಮುಖ ಸಡಿಲ ಬಿಡಬೇಕು, ದವಡೆ ಬಿಗಿಯಬಾರದು, ಸಣ್ಣ ಸಣ್ಣ ಉಸಿರು ಹೋಗಿ ಬರುತ್ತಿರಬೇಕು. ಇದನ್ನು ಕಲಿಯೋಕೆ ಒಂದು ತಿಂಗಳು ಹಿಡಿಯಿತು. ಕಲಿತ ಮೇಲೆ ರೆಪ್ ಕೂಡ ಒಂದೆರಡು ಜಾಸ್ತಿಯೇ ಬಂದವು.

ಇನ್ನೊಂದು ತಿದ್ದುಪಡಿಯನ್ನೂ ಆಗಲೇ ಮಾಡಿಕೊಂಡೆ. ಎಲ್ಲ ವ್ಯಾಯಾಮವನ್ನೂ ಫೇಲ್ಯೂರ್ ತನಕ ತೆಗೆದುಕೊಂಡು ಹೋಗಬಾರದು. ರೊಮೇನಿಯನ್ ಡೆಡ್‌ಲಿಫ್ಟ್‌ನಲ್ಲಿ ಕೊನೆಯ ರೆಪ್‌ಗೆ ಬರುವಾಗ ನನ್ನ ಸೊಂಟ ದುಂಡಗಾಗುತ್ತಿತ್ತು. ತೊಡೆಯ ಹಿಂಭಾಗ ಸೋತಾಗ ಆ ಭಾರ ಬೆನ್ನಿಗೆ ಹೋಗುತ್ತದೆ. ಅಲ್ಲಿ ಈಗ ಇನ್ನೂ ಎರಡು ಆಗುತ್ತವೆ ಅನ್ನುವಾಗಲೇ ನಿಲ್ಲಿಸುತ್ತೇನೆ. ಬಾರ್ಬೆಲ್ ಸ್ಕ್ವಾಟ್, ಬಾರ್ಬೆಲ್ ಬೆಂಚ್ ಪ್ರೆಸ್ ಮಾಡುವವರೂ ಬಾರ್ ಮೈಮೇಲೆ ಬೀಳದಂತೆ ತಡೆಯುವ ಸೇಫ್ಟಿ ಪಿನ್ ಇಲ್ಲದೆ, ಪಕ್ಕದಲ್ಲಿ ಹಿಡಿಯುವವರಿಲ್ಲದೆ ಕೊನೆತನಕ ಹೋಗಲೇಬಾರದು. ಲೆಗ್ ಪ್ರೆಸ್, ಪುಲ್‌ಡೌನ್, ರೋ, ಕಾಫ್ ರೈಸ್, ಇವುಗಳಲ್ಲಿ ಸೋತರೆ ತೂಕ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ ಅಷ್ಟೇ. ಸೋಲುವುದಾದರೆ ಅಲ್ಲಿ ಸೋಲಬೇಕು. ಯೇಟ್ಸ್ ಅವರಿಗೇ 1994ರಲ್ಲಿ ಬೈಸೆಪ್ಸ್, 1997ರಲ್ಲಿ ಟ್ರೈಸೆಪ್ಸ್ ಹರಿದಿತ್ತು. ಅಂಥ ಅನುಭವಸ್ಥರಿಗೇ ಹಾಗಾಗುವುದಾದರೆ ನಾವು ಜೋಪಾನವಾಗಿರಬೇಕು, ಅಲ್ವಾ?

ಇಷ್ಟೆಲ್ಲ ಕಷ್ಟದ ಮಾತು ಹೇಳಿದೆ. ಆದರೆ ನನಗೆ ಇದಕ್ಕಿಂತಲೂ ಕಷ್ಟ ಆಗಿದ್ದು ಮನೆಗೆ ಹೋಗುವುದು. 40 ನಿಮಿಷಕ್ಕೆ ಎಲ್ಲ ಮುಗಿಯುತ್ತಿತ್ತು. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಯಾರಾದರೂ "ಏನ್ ಮೇಡಂ, ಆಗಲೇ ಹೊರಟ್ರಾ?" ಅಂತ ಕೇಳುವರು. ನನ್ನ ಜೊತೆಗೇ ಬಂದವರು ಇನ್ನೂ ಎರಡನೇ ವ್ಯಾಯಾಮದಲ್ಲಿರುತ್ತಿದ್ದರು. ಹೊಟ್ಟೆಯೊಳಗೆ ಒಂಥರಾ ತಪ್ಪಿತಸ್ಥ ಭಾವ. ಒಂದು ಸಲ ತಡೆಯಲಾಗದೆ ವಾಪಸ್ ಹೋಗಿ ಬೈಸೆಪ್ಸ್‌ಗೆ ಆರು ಸೆಟ್ ಮಾಡಿ ಬಂದೆ. ಎರಡು ದಿನ ಬಿಟ್ಟು ರೋ ಮಾಡುವಾಗ ಕಳೆದ ಸಲಕ್ಕಿಂತ ಎರಡು ರೆಪ್ ಕಡಿಮೆ ಬಂತು. ಮೊಣಕೈಯ ಹಳೇ ನೋವು ಕೂಡ ತಲೆ ಎತ್ತಿತು. ನೋಟ್‌ಬುಕ್‌ನಲ್ಲಿ ಆ ಎರಡು ಸಾಲು ಪಕ್ಕಪಕ್ಕದಲ್ಲೇ ಇವೆ. ಆಮೇಲೆ ಯಾವತ್ತೂ ವಾಪಸ್ ಹೋಗಲಿಲ್ಲ.

ವಿಶ್ರಾಂತಿಯ ಲೆಕ್ಕವನ್ನೂ ನೋಟ್‌ಬುಕ್ಕೇ ಹೇಳಿಕೊಟ್ಟಿತು. ಮೊದಲ ಎರಡು ತಿಂಗಳು ಪ್ರತಿ ಸಲವೂ ಎಲ್ಲೋ ಒಂದು ಕಡೆ ಒಂದು ರೆಪ್ ಏರುತ್ತಿತ್ತು. ಮೂರನೇ ತಿಂಗಳು ನಿಂತಿತು. ಹಳೇ ಅಭ್ಯಾಸದ ಪ್ರಕಾರ ಸೆಟ್ ಸೇರಿಸಬೇಕು ಅಂತ ಕೈ ತುರಿಸಿತು. ಗೆಳತಿ ಉಲ್ಟಾ ಹೇಳಿದಳು. "ದಿನ ಕಡಿಮೆ ಮಾಡಿ ನೋಡು" ಅಂದಳು. ವಾರಕ್ಕೆ ಮೂರು ದಿನ ಇದ್ದದ್ದನ್ನು ಐದು ದಿನಕ್ಕೆ ಎರಡು ಸಲ ಮಾಡಿದೆ. ಅಂದರೆ ಒಮ್ಮೆ ಒಂದು ದಿನ ಬಿಡುವು, ಇನ್ನೊಮ್ಮೆ ಎರಡು ದಿನ. ಆ ಎರಡು ದಿನದ ಬಿಡುವಿನ ನಂತರ ಅಂಕಿ ಯಾವಾಗಲೂ ಮೇಲೆ ಇರುತ್ತಿತ್ತು. ನಿದ್ದೆಯೂ ಅಷ್ಟೇ. ಆರು ಗಂಟೆಗಿಂತ ಕಡಿಮೆ ಮಲಗಿದ ಮರುದಿನ ಲೆಗ್ ಪ್ರೆಸ್‌ನಲ್ಲಿ ಒಂದೋ ಎರಡೋ ರೆಪ್ ಕಡಿಮೆ. ಮುಂಚೆ 24 ಸೆಟ್ ಮಾಡುವಾಗ ಇದು ಗೊತ್ತೇ ಆಗುತ್ತಿರಲಿಲ್ಲ. ಪ್ರತಿ ಸೆಟ್‌ನಲ್ಲೂ ಏಳು ರೆಪ್ ಉಳಿಸಿಕೊಂಡು ಮಾಡುವವರಿಗೆ ಒಳ್ಳೇ ದಿನ, ಕೆಟ್ಟ ದಿನ ಎರಡೂ ಒಂದೇ ಥರ ಕಾಣುತ್ತವೆ. ಎಂಟು ವಾರಕ್ಕೊಮ್ಮೆ ಒಂದು ವಾರ ಫೇಲ್ಯೂರ್ ಹತ್ತಿರ ಹೋಗದೆ, ಹಗುರ ತೂಕದಲ್ಲಿ ಕೈಕಾಲು ಆಡಿಸಿ ಬರುತ್ತೇನೆ. ಆ ವಾರ ಮನಸ್ಸಿಗೂ ಬೇಕು. ಪ್ರತಿ ಸೆಟ್‌ಗೆ ಮುಂಚೆ ಎದೆಯಲ್ಲಿ ಒಂದು ಡವಡವ ಇರುತ್ತದೆ. ಅದು ವರ್ಷವಿಡೀ ಇದ್ದರೆ ಜಿಮ್ ಅಂದರೇ ಬೇಸರ ಬಂದುಬಿಡುತ್ತದೆ.

ಆರು ತಿಂಗಳಾದ ಮೇಲೆ ಎರಡೂ ನೋಟ್‌ಬುಕ್‌ಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಲೆಗ್ ಪ್ರೆಸ್ 110 ಕೆಜಿಗೆ ಒಂಬತ್ತು ಇದ್ದದ್ದು 145ಕ್ಕೆ ಎಂಟು. ಲ್ಯಾಟ್ ಪುಲ್‌ಡೌನ್ 35ಕ್ಕೆ ಹತ್ತು ಇದ್ದದ್ದು 45ಕ್ಕೆ ಎಂಟು. ಡಂಬಲ್ ಪ್ರೆಸ್ 16 ಕೆಜಿಗೆ ಒಂಬತ್ತು. 14 ಮುಟ್ಟಿದರೆ ಸಾಕು ಅಂತ ಗುರಿ ಇಟ್ಟಿದ್ದೆ. ಆ 14ರಲ್ಲಿ ನಾನು ಎರಡೇ ತಿಂಗಳು ಇದ್ದೆ. ಮೊಣಕೈ ನೋವು ಯಾವಾಗ ಹೋಯಿತು ಅಂತ ಹೇಳೋಕೆ ಆಗುವುದಿಲ್ಲ. ಒಂದು ದಿನ ಬಾಗಿಲು ತೆಗೆಯುವಾಗ, ಅರೆ, ನೋಯಲಿಲ್ಲವಲ್ಲ ಅಂತ ನೆನಪಾಯಿತು.

ಇದರಲ್ಲಿ ಒಂದಿಷ್ಟು ಪಾಲು ಬರೀ ಅಭ್ಯಾಸದ್ದು ಅಂತ ನನಗೆ ಗೊತ್ತು. ಭಾರ ಎತ್ತುವುದನ್ನು ರೂಢಿ ಮಾಡಿಕೊಂಡರೆ ನರಗಳು ಆ ಕೆಲಸವನ್ನು ಚೆನ್ನಾಗಿ ಕಲಿಯುತ್ತವೆ, ಸ್ನಾಯು ದಪ್ಪ ಆಗದೆಯೂ ಅಂಕಿ ಏರುತ್ತದೆ. ಟೇಪ್ ಹಿಡಿದು ಅಳೆದಾಗ ಅದು ಕಾಣಿಸಿತು. ತೊಡೆಯ ಸುತ್ತಳತೆ ಎರಡು ಸೆಂಟಿಮೀಟರ್ ಜಾಸ್ತಿ ಆಗಿತ್ತು. ತೋಳು ಇದ್ದಷ್ಟೇ ಇತ್ತು. ಭುಜ ಮಾತ್ರ ಸ್ವಲ್ಪ ಕಡಿಮೆ ಆದ ಹಾಗೆ ಕನ್ನಡಿಯಲ್ಲಿ ಕಂಡಿತು. ಮೊದಲು ಕಣ್ಣಿನ ಭ್ರಮೆ ಅಂದುಕೊಂಡೆ. ಹಳೇ ಫೋಟೋ ಪಕ್ಕದಲ್ಲಿಟ್ಟು ನೋಡಿದರೆ ಭ್ರಮೆ ಆಗಿರಲಿಲ್ಲ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಕಡಿಮೆ ಸೆಟ್ ಅನ್ನುವುದು ಎಲ್ಲದಕ್ಕೂ ಉತ್ತರ ಅಲ್ಲ. 2017ರಲ್ಲಿ ವ್ಯಾಯಾಮದ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಜೊತೆಗಾರರು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಒಂದು ಸ್ನಾಯುವಿಗೆ ವಾರದ ಸೆಟ್ ಹೆಚ್ಚಾದ ಹಾಗೆ ಬೆಳವಣಿಗೆಯೂ ಹೆಚ್ಚಾಗುವುದು ಕಂಡಿತು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಪಕ್ಕದಲ್ಲಿ ಒಬ್ಬರು ನಿಂತು ಸೆಟ್‌ಗಳನ್ನು ಫೇಲ್ಯೂರ್‌ಗೆ ಹತ್ತಿರ ಮಾಡಿಸುತ್ತಾರೆ. ನನ್ನ ಹಳೇ 24 ಸೆಟ್‌ಗಳು ಆ ಲೆಕ್ಕದ ಸೆಟ್‌ಗಳೇ ಆಗಿರಲಿಲ್ಲ. ಹತ್ತೊಂಬತ್ತು ಆಗುವ ತೂಕದಲ್ಲಿ ಹನ್ನೆರಡಕ್ಕೆ ನಿಲ್ಲಿಸಿದ ಸೆಟ್ ಅದು. ಒಂದು ಸೆಟ್ ಅಂದರೆ ಏನು ಅಂತ ನನಗೆ ಗೊತ್ತಾಗಿದ್ದೇ ಈ ಆರು ತಿಂಗಳಲ್ಲಿ. ಈಗ ಸೇರಿಸಿದರೆ ನಿಜವಾದ ಸೆಟ್ ಸೇರಿಸುತ್ತೇನೆ.

ಹಾಗಾಗಿ ಭುಜಕ್ಕೆ ಸೇರಿಸಿದೆ. ಲ್ಯಾಟರಲ್ ರೈಸ್ ಒಂದು ಸೆಟ್ ಇದ್ದದ್ದು ಈಗ ಮೂರು. ಮೊದಲನೆಯದು 6 ಕೆಜಿಯಲ್ಲಿ ಕೈ ಮೇಲೇಳದ ತನಕ. ಎರಡನೆಯದು, ಮೂರನೆಯದು 5ರಲ್ಲಿ, ಒಂದು ರೆಪ್ ಉಳಿಸಿಕೊಂಡು. ಮೂರೂ ಸೆಟ್‌ಗೆ ಒಂದೇ ಅಂಕಿ ಬರುವುದಿಲ್ಲ. ಹೋದ ಸಲ 11, 10, 8 ಅಂತ ಇಳಿಯುತ್ತಾ ಹೋಯಿತು. ಮುಂಚೆ ಆಗಿದ್ದರೆ ಹೀಗೆ ಇಳಿದದ್ದು ನೋಡಿ ಬೇಜಾರಾಗುತ್ತಿತ್ತು. ಈಗ 12, 12, 12 ಅಂತ ಬಂದರೆ ಅನುಮಾನ ಬರುತ್ತದೆ.

ಕೆಲವು ವಾರಗಳ ಹಿಂದೆ ಜಿಮ್‌ಗೆ ಹೊಸದಾಗಿ ಬರುವ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, "ಅಕ್ಕಾ, ನೀವು ಒಂದೊಂದೇ ಸೆಟ್ ಮಾಡ್ತೀರಲ್ಲ, ನಾನೂ ಹಾಗೇ ಮಾಡಬಹುದಾ?" ಅಂತ ಕೇಳಿದಳು. ಬಂದು ಎರಡು ತಿಂಗಳಾಗಿತ್ತಂತೆ. ಬೇಡಮ್ಮ ಅಂದೆ. ಇನ್ನೂ ಮೂರ್ನಾಲ್ಕು ತಿಂಗಳು ಎರಡು ಮೂರು ಸೆಟ್ ಮಾಡಿ ಚಲನೆ ಕಲಿ, ಸೋಲುವ ಹಂತದಲ್ಲೂ ಮಂಡಿ, ಬೆನ್ನು ಜಾಗ ಬಿಡಬಾರದು, ಆಮೇಲೆ ನೋಡೋಣ ಅಂದೆ. ಅವಳು ತಲೆಯಾಡಿಸಿ ಪುಲ್‌ಡೌನ್‌ಗೆ ಹೋದಳು. ಹತ್ತು ಎಳೆದು ಬಾರ್ ಬಿಟ್ಟಳು. ಹತ್ತನೆಯದೂ ಒಂದನೆಯದರಷ್ಟೇ ವೇಗವಾಗಿ ಇಳಿದಿತ್ತು.

"ಇನ್ನೆಷ್ಟು ಆಗ್ತಿತ್ತು?" ಅಂತ ಕೇಳಿದೆ.

ಅವಳು ಬಾರ್ ಕಡೆ ನೋಡಿದಳು. "ಒಂದೆರಡು ಆಗ್ತಿತ್ತೇನೋ ಅಕ್ಕಾ."

"ಮುಂದಿನ ಸೆಟ್ ನಾನು ಎಣಿಸ್ತೀನಿ" ಅಂತ ಹೇಳಿ ಅವಳ ಪಕ್ಕದಲ್ಲಿ ಹೋಗಿ ನಿಂತೆ.